ಮಾಲ್ಕಮ್ ಉಂಡ ತಟ್ಟೆ ನಮ್ಮ ಮನೆಯಲ್ಲಿದೆಯೇ?



ಅಮೆರಿಕದ ಕರಿಯರ ವಿಮೋಚನೆಗಾಗಿ ಹೋರಾಡಿ ಪ್ರಾಣ ತೆತ್ತ ಮಾಲ್ಕಮ್ ಎಕ್ಸ್‌ರ ಜೀವನವನ್ನು ಸ್ಪೈಕ್ ಲೀ 1992ರಲ್ಲಿ ಚಲನಚಿತ್ರವಾಗಿಸಿದರು. ಡೆನ್ಜೆಲ್ ವಾಷಿಂಗ್ಟನ್ ಮಾಲ್ಕಮ್‌ರ ಪಾತ್ರ ವಹಿಸಿದರು. ಹಜ್ಜ್‌ನ ದೃಶ್ಯಗಳಿಗಾಗಿ ಮುಸ್ಲಿಮರ ತಂಡವೇ ಪವಿತ್ರ ಮಕ್ಕಾಕ್ಕೆ ಹೋಗಿ ಚಿತ್ರೀಕರಿಸಿತು. ಸಿನೆಮಾ ನೋಡಬಹುದೇ, ನೋಡಬಾರದೇ ಎಂಬುದು ಇಲ್ಲಿ ನಮ್ಮ ಚರ್ಚೆಯಲ್ಲ. ಆ ಬದುಕು ನಮ್ಮ ಮುಂದಿಡುವ ಪ್ರಶ್ನೆಯೊಂದಿದೆ. ಅದನ್ನು ಕುರಿತು ಆಲೋಚಿಸೋಣ.

1925ರಲ್ಲಿ ಜನಿಸಿದ ಮಾಲ್ಕಮ್ ಯೌವನದಲ್ಲಿ ದಾರಿ ತಪ್ಪಿ, ಕಳ್ಳತನಕ್ಕಾಗಿ 1946ರಲ್ಲಿ ಸೆರೆಮನೆ ಸೇರಿದರು. ಅಲ್ಲಿ ಓದು ಹಿಡಿಸಿತು. 'ನೇಶನ್ ಆಫ್ ಇಸ್ಲಾಮ್' ಎಂಬ ಸಂಘಟನೆಯ ಸಂಪರ್ಕವೂ ಆಯಿತು. ಗುಲಾಮಗಿರಿಯಲ್ಲಿ ಅಳಿಸಿಹೋದ ತಮ್ಮ ಪೂರ್ವಜರ ಆಫ್ರಿಕನ್ ಹೆಸರಿನ ಗುರುತಾಗಿ 'ಎಕ್ಸ್' ಎಂದು ಸೇರಿಸಿಕೊಂಡರು. ಬಿಳಿಯರೆಲ್ಲ ಸೈತಾನರು ಎಂಬುದು ಆ ಸಂಘಟನೆಯ ಬೋಧನೆ. ಮಾಲ್ಕಮ್ ಕೂಡ ಅದನ್ನೇ ಸಾರಿದರು, ವಿವಾದಕ್ಕೊಳಗಾದರು. ಹೆಸರಿನಲ್ಲಿ ಇಸ್ಲಾಮ್ ಇದ್ದರೂ ಅದು ಇಸ್ಲಾಮಿನ ಬೋಧನೆಯಾಗಿರಲಿಲ್ಲ. ಆದರೆ ಆ ಕೋಪದ ಹಿಂದೆ ಶತಮಾನಗಳ ಅಪಮಾನವಿತ್ತೆಂಬುದನ್ನು ಮರೆಯಲಾಗದು.

1964ರಲ್ಲಿ ಅವರು ಆ ಸಂಘಟನೆಯನ್ನು ತೊರೆದು ಹಜ್ಜ್‌ಗೆ ಹೋದರು. ಬಿಳಿ ಮೈಬಣ್ಣದ, ನೀಲಿ ಕಣ್ಣುಗಳ ಮುಸ್ಲಿಮರೊಂದಿಗೆ ಒಂದೇ ತಟ್ಟೆಯಲ್ಲಿ ಉಂಡುದನ್ನು, ಒಂದೇ ಲೋಟದಿಂದ ಕುಡಿದುದನ್ನು ಅಲ್ಲಿಂದಲೇ ಪತ್ರ ಬರೆದು ತಿಳಿಸಿದರು. ಗಮನಿಸಿರಿ: ಅವರ ಮನಸ್ಸನ್ನು ತಿರುಗಿಸಿದ್ದು ಭಾಷಣವಲ್ಲ, ವಾದವಲ್ಲ. ಜೊತೆಗೆ ಕುಳಿತು ಉಂಡ ಊಟ. ಆ ಬಳಿಕ ಬಿಳಿಯರೆಲ್ಲ ಕೆಟ್ಟವರೆಂಬ ಮಾತನ್ನು ಅವರು ಬಹಿರಂಗವಾಗಿಯೇ ಕೈಬಿಟ್ಟರು. ಅನ್ಯಾಯದ ವಿರುದ್ಧ ಹೋರಾಟವನ್ನು ಮಾತ್ರ ಬಿಡಲಿಲ್ಲ. 1965ರ ಫೆಬ್ರವರಿ 21ರಂದು ನ್ಯೂಯಾರ್ಕಿನಲ್ಲಿ ಗುಂಡಿಗೆ ಬಲಿಯಾದಾಗ ಅವರಿಗೆ 39 ವರ್ಷ.

ಈ ಕಥೆಯನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಆದರೆ ಆ ತಟ್ಟೆ ನಮ್ಮ ಮನೆಯಲ್ಲಿದೆಯೇ?

ಆಫ್ರಿಕಾದ ಮೂಲದವರು ನಮ್ಮ ನೆರೆಯಲ್ಲೂ ಇದ್ದಾರೆ. ಹುಬ್ಬಳ್ಳಿಯಿಂದ ಕಲಘಟಗಿ ದಾಟಿ ಯಲ್ಲಾಪುರಕ್ಕೆ ಹೋಗಿರಿ, ಇಲ್ಲವೇ ಧಾರವಾಡದಿಂದ ಹಳಿಯಾಳಕ್ಕೆ ಹೋಗಿರಿ. ಅಲ್ಲಿನ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಸಮುದಾಯವಿದೆ. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದ ಆಫ್ರಿಕನ್ನರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇವರಲ್ಲಿದೆ. ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಈ ಸಮುದಾಯದಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಯರಿಗೆ 2003ರಲ್ಲಿ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಯರಿಗೆ 2020ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಸರಕಾರದ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ನಮ್ಮ ದಸ್ತರ್‌ಖಾನಿನಲ್ಲಿ ಸಿಕ್ಕಿದೆಯೇ?

ಮಸೀದಿಯ ಸಫ್‌ನಲ್ಲಿ ಸಿದ್ದಿ ಸಹೋದರನ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ. ಸಲಾಮ್ ಹೇಳಿ ಹೊರಬಂದ ಮೇಲೆ ಅವನ ಹೆಸರನ್ನಾದರೂ ಕೇಳುತ್ತೇವೆಯೇ? ಮಗನಿಗೆ ಹೆಣ್ಣು ಹುಡುಕುವಾಗ ನಮ್ಮ ಮೊದಲ ಪ್ರಶ್ನೆ ದೀನ್ ಕುರಿತೇ, ಮೈಬಣ್ಣ ಕುರಿತೇ? ಸ್ವಂತ ಮಗುವನ್ನೇ 'ಕಾಲಾ' ಎಂದು ಕರೆದು ನಗುವ ಮನೆಗಳೆಷ್ಟಿಲ್ಲ!

ಜನಾಂಗ, ಗೋತ್ರಗಳಿರುವುದು ಪರಸ್ಪರ ಪರಿಚಯಕ್ಕಾಗಿ. ಹಿರಿಮೆಯಿರುವುದು ತಖ್ವಾದಲ್ಲಿ ಮಾತ್ರ ಎಂದು ಅಲ್-ಹುಜುರಾತ್ ಅಧ್ಯಾಯವು ನಮಗೆ ಕಲಿಸುತ್ತದೆ. ಮಹಾನ್ ಸಹಾಬಿ ಅಬೂದರ್ರ್(ರ) ಒಮ್ಮೆ ಒಬ್ಬರನ್ನು ಅವರ ತಾಯಿಯ ವಿಷಯವೆತ್ತಿ ಹೀಯಾಳಿಸಿದಾಗ, ನಿಮ್ಮಲ್ಲಿ ಇನ್ನೂ ಜಾಹಿಲಿಯ್ಯತ್ ಉಳಿದಿದೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದರೆಂದು ಸಹೀಹ್ ಬುಖಾರಿಯಲ್ಲಿದೆ. ಅಬೂದರ್ರ್(ರ) ಆ ಮಾತನ್ನು ಮರೆಯಲಿಲ್ಲ. ತಾವು ಉಟ್ಟಂತಹ ಬಟ್ಟೆಯನ್ನೇ ತಮ್ಮ ಸೇವಕನಿಗೂ ಉಡಿಸಿದರು. ತಿದ್ದಿಕೊಳ್ಳುವುದೆಂದರೆ ಇದು.

ಚಿತ್ರದ ಕೊನೆಯಲ್ಲಿ ಶಾಲಾಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತು ತಾವೇ ಮಾಲ್ಕಮ್ ಎನ್ನುತ್ತಾರೆ. ಹಾಗೆನ್ನುವುದು ಸುಲಭ. ಮುಂದಿನ ದಾವತ್‌ಗೆ ನಾವು ಈವರೆಗೆ ಕರೆಯದ ಒಂದು ಮನೆಯವರನ್ನು ಕರೆಯೋಣ. ಅವರನ್ನು ಬೇರೆ ಮೂಲೆಯಲ್ಲಿ ಕೂರಿಸದೆ, ನಮ್ಮ ಮಕ್ಕಳ ಪಕ್ಕದಲ್ಲೇ ಕೂರಿಸಿಕೊಂಡು ಉಣ್ಣೋಣ. ಮನೆಗೆ ಸಂಬಂಧ ಬಂದಾಗ ಬಣ್ಣದ ಮಾತೆತ್ತುವವರನ್ನು, ಅವರು ನಮ್ಮ ಅಮ್ಮೀಜಾನ್ ಆಗಿದ್ದರೂ, ಮೃದುವಾಗಿ ತಡೆಯೋಣ.

ಮಕ್ಕಾದಲ್ಲಿ ಮಾಲ್ಕಮ್‌ರಿಗೆ ದೊರೆತ ಸಹೋದರತ್ವವು ನಮ್ಮ ಊರಿಗೆ ಬಂದ ಅಪರಿಚಿತನಿಗೂ ದೊರೆಯುವಂತೆ ಅಲ್ಲಾಹನು ನಮ್ಮ ಹೃದಯಗಳನ್ನು ಶುದ್ಧಗೊಳಿಸಲಿ. ಆಮೀನ್.