ಬಿಲ್ಲಿನಲ್ಲಿ ಇಲ್ಲದ ಬನ್ಸು

ಮುಂಬಯಿಗೆ ಬರುವ ನಮ್ಮೂರಿನವರು ಹೊರಡುವ ಮುಂಚೆ ಫೋನು ಮಾಡಿ ಕೇಳುವುದು ಎರಡೇ ಪ್ರಶ್ನೆ. ಮಳೆ ಹೇಗಿದೆ? ಊಟ ಎಲ್ಲಿ ಮಾಡೋದು? ಮಳೆಯ ವಿಷಯದಲ್ಲಿ ನಾನೇನೂ ಮಾಡಲಾರೆ. ಊಟದ ವಿಷಯದಲ್ಲಿ ಮಾತ್ರ ಮೂವತ್ತೈದು ವರ್ಷಕ್ಕೂ ಮಿಕ್ಕಿದ ಅನುಭವ ಇದೆ. ನನ್ನ ಹೊಟ್ಟೆಯೇ ಅದಕ್ಕೆ ಸಾಕ್ಷಿ.

ಸೀದಾ ಮಾಟುಂಗಕ್ಕೆ ಹೋಗಿ ಅನ್ನುತ್ತೇನೆ. ಸೆಂಟ್ರಲ್ ಲೈನಿನ ಸ್ಟೇಶನ್ನಿನ ಹತ್ತಿರ, ಮಹಡಿಯ ಮೇಲೆ, 1942ರಲ್ಲಿ ಶುರುವಾದ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಅಲ್ಲಿ ಬಾಳೆ ಎಲೆಯ ಊಟ ಮಾಡಿ. ಬೆಳಗ್ಗೆಯಾದರೆ ರಾಮಾಶ್ರಯದಲ್ಲಿ ಅನಾನಸು ಶೀರಾ, ಇಲ್ಲವೇ ಕಿಂಗ್ಸ್ ಸರ್ಕಲ್ಲಿನ ಕೆಫೆ ಮದ್ರಾಸಿನಲ್ಲಿ ರಸಂ ವಡೆ. ಹೆಸರು ಮದ್ರಾಸು, ಶುರುಮಾಡಿದವರು ಕಾಮತರು. ಆ ಕಾಲದಲ್ಲಿ ಇಲ್ಲಿಯವರಿಗೆ ದಕ್ಷಿಣದವರೆಲ್ಲ ಮದ್ರಾಸಿಗಳೇ ತಾನೆ! ಭಾನುವಾರ ಹೋದರೆ ಫುಟ್‌ಪಾತಿನಲ್ಲಿ ಕಾಯಬೇಕಾದೀತು. ಬೇರೆ ಕಡೆ ತಿನ್ನುವುದಾದರೆ ಖಾಲಿ ದೋಸೆಗೆ ‘ಸಾದಾ’ ಅನ್ನಿ. ಸಾಂಬಾರು ಸಿಹಿಯಾಗಿದ್ದರೆ ಮುಖ ಹುಳಿ ಮಾಡಿಕೊಳ್ಳಬೇಡಿ, ಅದು ಗುಜರಾತಿ ಗಿರಾಕಿಗಳ ನಾಲಗೆಗೆ ಬಗ್ಗಿದ ಸಾಂಬಾರು. ಮೈಸೂರು ಮಸಾಲೆಯನ್ನು ಮಾತ್ರ ಮೈಸೂರಿನವರು ತರಿಸಬಾರದು. ಸುಮ್ಮನೆ ಬೇಜಾರು.

ಇಷ್ಟು ಹೇಳಿ ಕೊನೆಗೆ ಇನ್ನೊಂದು ಮಾತು ಸೇರಿಸುತ್ತೇನೆ. ಬಡಿಸುವ ಮಾಣಿ ನಮ್ಮ ಕಡೆಯವನು ಅಂತ ಗೊತ್ತಾದರೆ ಬಿಲ್ಲು ಬರುವವರೆಗೆ ಕನ್ನಡ ಮಾತಾಡಬೇಡಿ. ಎಷ್ಟೋ ಜನ ನಗುತ್ತಾರೆ. ನಮ್ಮ ದೊಡ್ಡಪ್ಪ ಒಮ್ಮೆ ಸಿಟ್ಟಾಗಿ, “ಅಲ್ಲಿ ಹೋಗಿ ಕನ್ನಡಾನೂ ಬಿಟ್ಯನಾ?” ಅಂತ ಬೈದಿದ್ದರು. ಅವರಿಗೆ ಆಗ ಕಾರಣ ಹೇಳಲು ಆಗಲಿಲ್ಲ.

1987ರ ಮಾತು. ಕೋಟೆ ಪ್ರದೇಶದ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಹಿಂದಿನ ಗಲ್ಲಿಯಲ್ಲಿ ನಮ್ಮ ಜಿಲ್ಲೆಯವರದೇ ಒಂದು ಹೋಟೆಲು. ಮಧ್ಯಾಹ್ನ ನಾಲ್ಕಕ್ಕೆ ಅಲ್ಲಿ ಹೋಗಿ ನನ್ನ ಹರುಕು ಹಿಂದಿಯಲ್ಲಿ, “ಏಕ್ ಇಡ್ಲಿ, ಮತ್ತೆ ಚಟ್ನಿ ಜಾಸ್ತಿ” ಎಂದೆ. ಆ ‘ಮತ್ತೆ’ ನನ್ನನ್ನು ಹಿಡಿದುಕೊಟ್ಟಿತು. ಮಾಣಿಯ ಮುಖ ಅರಳಿತು. “ಹ್ವಾಯ್, ನೀವ್ ನಮ್ ಬದಿಯರಾ?” ಬೈಂದೂರಿನ ಹತ್ತಿರದ ಹುಡುಗ, ಹದಿನೇಳು ವರ್ಷ ಇದ್ದೀತು. ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ. ಮುಂಬಯಿಯ ರಾತ್ರಿ ಶಾಲೆಗಳಲ್ಲಿ ಅಂಥ ಎಷ್ಟು ಹುಡುಗರು ಎಂಜಲು ತಟ್ಟೆ ತೊಳೆದ ಕೈಯಲ್ಲೇ ಪುಸ್ತಕ ಹಿಡಿದು ಮೇಲೆ ಬಂದರು ಅನ್ನುವುದನ್ನು ಊರಿನಲ್ಲಿ ಕೂತವರು ಊಹಿಸುವುದು ಕಷ್ಟ.

ಮರುದಿನದಿಂದ ನಾನು ಕೇಳದಿದ್ದರೂ ಇಡ್ಲಿಯ ಜೊತೆ ಒಂದು ಬನ್ಸು ಬರತೊಡಗಿತು. ಕೆಲವೊಮ್ಮೆ ಎರಡನೇ ಕಾಫಿ. ಬಿಲ್ಲಿನಲ್ಲಿ ಇಡ್ಲಿ ಮತ್ತು ಒಂದು ಕಾಫಿ ಮಾತ್ರ. ಮೊದಲ ದಿನ ಬಿಲ್ಲು ತೋರಿಸಿ ಹುಬ್ಬೇರಿಸಿದೆ. “ಇರ್ಲಿ ಮಾರಾಯ್ರೆ” ಅಂದ. ಎರಡನೇ ದಿನ ಹುಬ್ಬೇರಿಸಲಿಲ್ಲ.

ನಾನು ಲೆಕ್ಕದವನು. ಬ್ಯಾಂಕಿನ ತಾಳೆಪಟ್ಟಿಯಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೆ ರಾತ್ರಿ ಎಂಟರವರೆಗೆ ಕೂತು ಹುಡುಕಿದವನು. ಆದರೆ ಆ ಬನ್ಸಿಗೆ ಬೇರೆಯದೇ ಲೆಕ್ಕ ಹಾಕಿಕೊಂಡಿದ್ದೆ. ಧಣಿ ದಿನವಿಡೀ ಗಲ್ಲಾ ತುಂಬಿಸುತ್ತಾನೆ, ಒಂದು ಬನ್ಸಿನಿಂದ ಅವನೇನು ಮುಳುಗುವುದಿಲ್ಲ. ಹುಡುಗನಿಗೆ ಕೊಡುವ ಸಂಬಳ ನೋಡಿದರೆ ಇದು ನ್ಯಾಯವೇ ಸರಿ! ಪುಕ್ಕಟೆ ತಿನ್ನುವವನಿಗೆ ಸಮಾಜವಾದ ಎಷ್ಟು ಬೇಗ ಹೊಳೆಯುತ್ತದೆ ನೋಡಿ.

ಏಳೆಂಟು ತಿಂಗಳು ತಿಂದೆ. ಒಂದು ಶನಿವಾರ ಗಲ್ಲಾದಲ್ಲಿದ್ದ ಮ್ಯಾನೇಜರು ಚಿಲ್ಲರೆ ಎಣಿಸುತ್ತಾ, “ನಿಮ್ಮ ಬನ್ಸು ಅವನ ಲೆಕ್ಕಕ್ಕೆ ಬರ್ದು ಬರ್ದು ನನಗೇ ಸಾಕಾಯ್ತು” ಎಂದರು. ಅಡಿಗೆಮನೆಯಿಂದ ಹೊರಬೀಳುವ ಒಂದೊಂದು ಪ್ಲೇಟೂ ಅಲ್ಲಿ ಮಾಣಿಯ ನಂಬರಿಗೆ ದಾಖಲಾಗುತ್ತಿತ್ತು. ರಾತ್ರಿ ಬಿಲ್ಲುಗಳ ಜೊತೆ ತಾಳೆ. ಕಡಿಮೆ ಬಿದ್ದದ್ದು ಸಂಬಳದಲ್ಲಿ ವಜಾ. ಹುಡುಗನಿಗೆ ಇದು ಮೊದಲ ದಿನದಿಂದ ಗೊತ್ತಿತ್ತು.

ಅಂದರೆ ಅವನು ಧಣಿಯಿಂದ ಕದಿಯುತ್ತಿರಲಿಲ್ಲ. ತನ್ನ ದುಡ್ಡಿನಲ್ಲಿ ನನಗೆ ತಿನ್ನಿಸುತ್ತಿದ್ದ.

ಸೋಮವಾರ ಬಸಿಯ ಅಡಿಯಲ್ಲಿ ಐವತ್ತರ ನೋಟು ಇಟ್ಟು ಎದ್ದೆ. ಬೀದಿಯವರೆಗೆ ಓಡಿಬಂದು, “ನಿಮ್ ದುಡ್ಡ್ ಬಿದ್ದಿತ್ತ್” ಎಂದು ಕೈಗೆ ತುರುಕಿದ. ಬಿದ್ದದ್ದಲ್ಲ ಅಂತ ಅವನಿಗೂ ಗೊತ್ತಿತ್ತು. ಆಮೇಲೆ ಬಿಲ್ಲು ಸರಿಯಾಗಿಯೇ ಬಂತು; ಬನ್ಸು ಬರಲಿಲ್ಲ. ಮಾತೂ ಕಡಿಮೆಯಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಬೇರೆ ಹೋಟೆಲಿಗೆ ಹೋಗಿದ್ದ. ಎಲ್ಲಿ ಅಂತ ಮ್ಯಾನೇಜರಿಗೂ ಗೊತ್ತಿರಲಿಲ್ಲ.

ಹೆಂಡತಿಗೆ ಇದನ್ನು ಹೇಳಿದ್ದು ಎಷ್ಟೋ ವರ್ಷದ ಮೇಲೆ. ಅವಳ ವಾದ ಬೇರೆ. “ಇಡೀ ಮುಂಬಯಿಯಲ್ಲಿ ಎಲ್ಲರೂ ಅವನಿಗೆ ತಾ ಅನ್ನೋರೇ. ನಿಮ್ಮ ಟೇಬಲಿನ ಮುಂದೆ ಹತ್ತು ನಿಮಿಷ ಅವನು ಮನೆಗೆ ಬಂದ ನೆಂಟರಿಗೆ ಬಡಿಸೋ ಯಜಮಾನ ಆಗಿದ್ದ. ಐವತ್ತು ರೂಪಾಯಿ ಇಟ್ಟು ಅದನ್ನೂ ಕಿತ್ತುಕೊಂಡ್ರಿ. ಈಗ ಕನ್ನಡಾನೇ ಆಡಬೇಡಿ ಅಂತ ಊರವರಿಗೆಲ್ಲ ಹೇಳ್ತೀರಿ. ನಿಮ್ಮ ಋಣ ತೀರಿಸೋಕೆ ಬೇರೆ ಹುಡುಗರ ಬಾಯಿ ಯಾಕೆ ಕಟ್ಟೋದು?”

ಅವಳು ಹೇಳುವುದರಲ್ಲಿ ಹುರುಳಿದೆ. ಆದರೂ ನನಗೆ ಕೂತು ಕೊರೆಯುವುದು ಬೇರೆಯದು. ಅವನು ನೆಂಟನಿಗೆ ಅಂತ ಬಡಿಸಿದ. ನಾನು ಕಳ್ಳಮಾಲು ಅಂತ ತಿಳಿದುಕೊಂಡೇ ತಿಂದೆ. ನಿಜ ತಿಳಿದಾಗ ಕಳ್ಳತನ ಇರಲಿಲ್ಲ ಅನ್ನುವುದು ಅವನನ್ನು ಬಿಡಿಸೀತು, ನನ್ನನ್ನು ಹೇಗೆ ಬಿಡಿಸುತ್ತದೆ? ಹಾಗಂತ ಆ ಹುಡುಗನ ಪ್ರೀತಿಗೆ ಬಿಲ್ಲು ಕೇಳಬೇಕಿತ್ತೇ? ಬೇಡ ಅಂದಿದ್ದರೂ ಅವನಿಗೆ ನೋವೇ ಆಗುತ್ತಿತ್ತು. ಬಹುಶಃ ಒಮ್ಮೆ ತಿಂದು, ಎರಡನೇ ಸಲ ರಜೆಯ ದಿನ ಅವನನ್ನು ಮನೆಗೆ ಕರೆದು ಉಣ್ಣಿಸಬಹುದಿತ್ತು. ಮನೆ ಅಂದರೆ ಆಗ ನಾಲ್ವರು ಸೇರಿ ಹಿಡಿದ ಒಂದು ಖೋಲಿ, ನಿಜ. ಸ್ಟೋವಂತೂ ಇತ್ತು.

ಈಗ ಈ ಹೋಟೆಲುಗಳಲ್ಲಿ ಬಡಿಸುವವರು ಹೆಚ್ಚಾಗಿ ಬಿಹಾರ, ಒಡಿಶಾ, ಉತ್ತರಪ್ರದೇಶದವರು. ನನ್ನ ಬುದ್ಧಿವಾದಕ್ಕೆ ಕೆಲಸವೇ ಇಲ್ಲದಂತಾಗಿದೆ. ಮೊನ್ನೆ ದಾದರಿನಲ್ಲಿ ಪಕ್ಕದ ಟೇಬಲಿಗೆ ಒಬ್ಬ ಹುಡುಗ ಬಂದು ಕೂತ, ಬೆನ್ನಿಗೆ ಪಾರ್ಸೆಲ್ಲಿನ ದೊಡ್ಡ ಚೀಲ. ಮಾಣಿ ಅವನ ಜೊತೆ ಏನೋ ಮಾತಾಡಿ ನಕ್ಕ, ಒಡಿಯಾ ಇರಬೇಕು. ಸ್ವಲ್ಪ ಹೊತ್ತಿಗೆ, ಕೇಳದೆಯೇ ಇನ್ನೊಂದು ಪ್ಲೇಟು ವಡೆ ಬಂತು. ಬಿಲ್ಲು ಬಂದಾಗ ಹುಡುಗ ಅದನ್ನು ನೋಡಿದ, ಮಾಣಿಯನ್ನು ನೋಡಿದ, ಮಡಚಿ ಮುಷ್ಟಿಯಲ್ಲಿ ಹಿಡಿದ.

ನಾನು ಕೈತೊಳೆದು ಅವನ ಪಕ್ಕದಲ್ಲೇ ನಿಂತಿದ್ದೆ. ಹೇಳೋಣ ಅನ್ನಿಸಿತು. ಇಲ್ಲಿಯ ಲೆಕ್ಕ ಹೇಗೋ ಏನೋ. ನನ್ನ ಹಿಂದಿ ಇನ್ನೂ ಅಷ್ಟಕ್ಕಷ್ಟೇ. ಅಷ್ಟರಲ್ಲಿ ಅವನು ಚೀಲ ಹೆಗಲಿಗೇರಿಸಿ ಗಲ್ಲಾದ ಕಡೆ ನಡೆದಿದ್ದ.