ಹೆಪ್ಪುಗಟ್ಟಿದ ನೀರು ಮತ್ತು ಒಡೆಯನ ಹೊಣೆ

ನಾವು ಕೂಡಿಹಾಕಿದ ಜೀವಕ್ಕೆ ನಾವು ಎಷ್ಟರಮಟ್ಟಿಗೆ ಋಣಿಗಳು? ಓದುಗರೇ, ಈ ಪ್ರಶ್ನೆಗೆ ಉತ್ತರವನ್ನು ಗ್ರಂಥಗಳಲ್ಲಿ ಅರಸುವ ಮುನ್ನ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಒಂದು ಕೋಳಿಗೂಡಿನತ್ತ ದೃಷ್ಟಿ ಹಾಯಿಸಿ. ಜನವರಿಯ ರಾತ್ರಿಗಳಲ್ಲಿ ಅಲ್ಲಿನ ಉಷ್ಣಾಂಶ ಸೊನ್ನೆಗಿಂತ 15-20 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಸಂಜೆ ತುಂಬಿಟ್ಟ ನೀರು ಬೆಳಗಾಗುವಷ್ಟರಲ್ಲಿ ಕಲ್ಲಾಗಿರುತ್ತದೆ. ಅದನ್ನು ಒಡೆಯುವ ಶಕ್ತಿ ಕೋಳಿಯ ಕೊಕ್ಕಿಗಿಲ್ಲ. ಬೇರೆಡೆ ನೀರು ಹುಡುಕಲು ಬಾಗಿಲೂ ತೆರೆದಿಲ್ಲ.

ಕೋಳಿ ಹಿಮದ ನಾಡಿನ ಪಕ್ಷಿಯಲ್ಲ. ಅದರ ಮುಖ್ಯ ಪೂರ್ವಜ ಏಷ್ಯಾದ ಕೆಂಪು ಕಾಡುಕೋಳಿ. ಸಾಕುಕೋಳಿಗಳ ಹಳದಿ ಕಾಲಿನ ಬಣ್ಣವಂತೂ ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಕೂಗುವ ಬೂದು ಕಾಡುಕೋಳಿಯ ಬಳುವಳಿಯೆಂದು 2008ರ ಸಂಶೋಧನೆಯೊಂದು ತೋರಿಸಿತು. ಇಂಥ ಜೀವವನ್ನು ಹಿಮದೊಳಕ್ಕೆ ಕೊಂಡೊಯ್ದವನು ಮನುಷ್ಯ. ಕ್ವಿಬೆಕ್‌ನ ಓಕಾ ಮಠದ ಬ್ರದರ್ ವಿಲ್ಫ್ರಿಡ್ ಶಾಟ್ಲೆನ್ ಆ ಚಳಿಗೆ ಒಗ್ಗುವ ತಳಿಗಾಗಿ ವರ್ಷಗಟ್ಟಲೆ ಶ್ರಮಿಸಿ, 1918ರಲ್ಲಿ ಶಾಂಟೆಕ್ಲೇರ್ ತಳಿಯನ್ನು ಹೊರತಂದರು. ಅದರ ಜುಟ್ಟೂ ಗಲ್ಲದ ಜೋಲುಚರ್ಮವೂ ತೀರ ಚಿಕ್ಕವಾದ್ದರಿಂದ ಚಳಿಗೆ ಮರಗಟ್ಟುವ ಅಪಾಯ ಕಡಿಮೆ. ಆದರೆ ಬಾಯಾರಿಕೆಯನ್ನು ಅಳಿಸುವುದು ಯಾವ ತಳಿಗಾರನಿಗೂ ಸಾಧ್ಯವಿಲ್ಲ.

ಮೊಟ್ಟೆಯಿಡುವ ಕೋಳಿ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ. ನೀರಿಲ್ಲದಿದ್ದರೆ ಮೇವನ್ನೂ ಬಿಡುತ್ತದೆ; ಮೇವಿಲ್ಲದೆ ಮೈ ಬೆಚ್ಚಗಾಗದು. ಉಪಾಯಗಳೇನೂ ಗಹನವಲ್ಲ. ಕೋಳಿ ಕತ್ತಲಲ್ಲಿ ನೀರು ಕುಡಿಯದಾದ್ದರಿಂದ ರಾತ್ರಿಯಿಡೀ ಕಾಯಬೇಕಿಲ್ಲ. ಹಗಲಿನಲ್ಲಿ ಎರಡು ಮೂರು ಬಾರಿ ಉಗುರುಬೆಚ್ಚಗಿನ ನೀರು ಒಯ್ದರಾಯಿತು. ರಬ್ಬರ್ ಬೋಗುಣಿಯಾದರೆ ಬಗ್ಗಿಸಿ ಗಡ್ಡೆಯನ್ನು ಉದುರಿಸಬಹುದು. (ಉಪ್ಪು ಬೆರೆಸಿದರೆ ನೀರು ಬೇಗ ಹೆಪ್ಪುಗಟ್ಟದೆನ್ನುವವರಿದ್ದಾರೆ. ಅಷ್ಟು ಉಪ್ಪು ಕೋಳಿಗೆ ವಿಷ.) ಪಾತ್ರೆಯ ಕೆಳಗಿಡುವ ವಿದ್ಯುತ್ ಹಲಗೆಗಳೂ ದೊರೆಯುತ್ತವೆ. ಅವು ಶ್ರಮವನ್ನು ಕಳೆಯುತ್ತವೆ, ಹೊಣೆಯನ್ನಲ್ಲ. 1998ರ ಜನವರಿಯಲ್ಲಿ, ಬೀಳುತ್ತಲೇ ಮಂಜುಗಡ್ಡೆಯಾಗುವ ಮಳೆ ಸುರಿದು ಕ್ವಿಬೆಕ್‌ನ ವಿದ್ಯುತ್ ಗೋಪುರಗಳು ಕುಸಿದಾಗ, ಕೆಲವೆಡೆ ವಾರಗಟ್ಟಲೆ ವಿದ್ಯುತ್ ಇರಲಿಲ್ಲ. ಅಂಥ ದಿನ ಹಲಗೆಯನ್ನು ನಂಬಿದವನು ಮತ್ತೆ ಬಕೆಟ್ಟು ಹಿಡಿಯಲೇಬೇಕು.

ಇದೆಲ್ಲ ಮೊಟ್ಟೆಯ ಆಸೆಯಿಂದಲೇ ಅಲ್ಲವೇ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಮೊಟ್ಟೆ ಬೆಳಕನ್ನು ಅವಲಂಬಿಸಿದೆ. ಡಿಸೆಂಬರಿನಲ್ಲಿ ಅಲ್ಲಿನ ಹಗಲು ಒಂಬತ್ತು ಗಂಟೆಗೂ ಕಡಿಮೆ. ದೀಪವಿಲ್ಲದ ಗೂಡಿನಲ್ಲಿ ಅನೇಕ ಕೋಳಿಗಳು ಆಗ ಮೊಟ್ಟೆಯಿಡುವುದನ್ನೇ ನಿಲ್ಲಿಸುತ್ತವೆ. ನೀರು ಹೊರುವುದು ಅತಿ ಕಷ್ಟವಾದ ದಿನಗಳಲ್ಲೇ ಪ್ರತಿಫಲವೂ ಇಲ್ಲ. ವಸಂತದಲ್ಲಿ ಮತ್ತೆ ಇಡುತ್ತವಲ್ಲ ಎಂಬ ಲೆಕ್ಕವನ್ನು ಒಪ್ಪೋಣ. ಹಾಗಾದರೆ ಇನ್ನೆಂದೂ ಇಡದ ಮುದಿ ಕೋಳಿ? ಅದನ್ನು ಅಡುಗೆಗೆ ಒಪ್ಪಿಸುವ ಹಕ್ಕು ಒಡೆಯನಿಗಿದೆಯೆಂದರೂ, ಅಲ್ಲಿಯವರೆಗೆ ಬಾಯಾರಿಸಿ ಇಡುವ ಹಕ್ಕು ಅದರಿಂದ ಹುಟ್ಟುವುದಿಲ್ಲವೆಂದೇ ನನ್ನ ಎಣಿಕೆ. ಅದೂ ಉಳಿದವುಗಳ ಬೋಗುಣಿಯಲ್ಲೇ ಕುಡಿಯುತ್ತದೆ. ನಾಲ್ಕು ಗಂಟೆ ಕಳೆಯುತ್ತಲೇ ಸೂರ್ಯ ಮುಳುಗುವ ಆ ದಿನಗಳಲ್ಲಿ, ಕೊನೆಯ ಬಕೆಟ್ಟು ಮೂರೂವರೆಗೆಲ್ಲ ಗೂಡು ತಲುಪಿರಬೇಕು.