ಮನೆ ಮಾರಿ ಕೊಂಡ ಯಂತ್ರ

ಊರಿಗೆ ಉಪಕಾರ ಮಾಡುವವರು ಬಹಳ ಮಂದಿ. ಊರಿಗೆ ಏನು ಮೊದಲು ಬೇಕು, ಏನು ಆಮೇಲೆ ಎಂದು ತಿಳಿದವರು ಕಡಿಮೆ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ ಕಟ್ಟಿದರು, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, 1925ರಲ್ಲಿ ಹಿತಚಿಂತಕ ಮುದ್ರಣಾಲಯ. ಓದು ಬಾರದವನಿಗೆ ಪತ್ರಿಕೆ ಯಾಕೆ? ಸಾಲದಲ್ಲಿ ಮುಳುಗಿದವನಿಗೆ ಓದಲು ಬಿಡುವೆಲ್ಲಿ?

*

ಬರದ ಜಿಲ್ಲೆಯ ಪ್ರತಿನಿಧಿಗೆ ಭಾಷಣ ಸಾಲದು. 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿಗೆ ಹೋದ ಹಳಕಟ್ಟಿಯವರು ಇತ್ತ ಒಕ್ಕಲಿಗರಿಗೂ ನೇಕಾರರಿಗೂ ಸಂಘ ಕಟ್ಟಿಕೊಟ್ಟವರು.

*

1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದವರು ಬಾಸೆಲ್ ಮಿಶನ್ನಿನ ಪಾದ್ರಿ, ಜರ್ಮನಿಯ ಹರ್ಮನ್ ಮೊಗ್ಲಿಂಗ್. ಆ ಋಣ ಸಣ್ಣದಲ್ಲ. ಎಂಬತ್ತು ವರ್ಷಗಳ ನಂತರ ಅದೇ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಹಳಕಟ್ಟಿಯವರು ವಚನಗಳ ಹಸ್ತಪ್ರತಿ ಕಳಿಸಿದರೆ ಅದು ಅಚ್ಚಾಗದೆ ಹಿಂದಿರುಗಿತು ಎಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಎರಡು ವರ್ಷದಲ್ಲಿ ವಿಜಯಪುರದಲ್ಲೇ ಅವರ ಸ್ವಂತ ಯಂತ್ರ ತಿರುಗತೊಡಗಿತು. ಇನ್ನೊಬ್ಬರ ಯಂತ್ರ ನಂಬಿದವನು ಅವರ ಒಪ್ಪಿಗೆಗೂ ಕಾಯಬೇಕು.

*

ಆ ಯಂತ್ರಕ್ಕಾಗಿ ಇದ್ದ ಮನೆ ಮಾರಿದರು. ಇದನ್ನು ತ್ಯಾಗವೆಂದು ಕೈಮುಗಿದು ಮುಂದೆ ಹೋಗುವುದು ಸುಲಭ. ನನಗೆ ಅದು ಚೆನ್ನಾಗಿ ಯೋಚಿಸಿ ಮಾಡಿದ ವ್ಯವಹಾರವೆನಿಸುತ್ತದೆ: ಒಂದು ಸಂಸಾರದ ಸೂರು ಕೊಟ್ಟು ಒಂದು ನಾಡಿನ ಸಾಹಿತ್ಯವನ್ನು ಬಿಡಿಸಿಕೊಂಡರು. ಬಾಡಿಗೆ ಮನೆಯಲ್ಲಿ ದಿನ ಕಳೆದ ಆ ಸಂಸಾರದ ಹೆಂಗಸರು, ಮಕ್ಕಳನ್ನೂ ಈ ಮಾತಿನಲ್ಲಿ ನೆನೆಯಬೇಕು. ಕೊಟ್ಟವರಲ್ಲಿ ಅವರೂ ಇದ್ದಾರೆ.

*

1926ರಲ್ಲಿ ವಚನಗಳ ಪತ್ರಿಕೆ ‘ಶಿವಾನುಭವ’, ಮರುವರ್ಷ ವಾರಪತ್ರಿಕೆ ‘ನವಕರ್ನಾಟಕ’. ಎಂಟುನೂರು ವರ್ಷದ ಹಿಂದಿನ ಮಾತಿಗೊಂದು, ಈ ವಾರದ ಮಾತಿಗೊಂದು. ಎರಡಕ್ಕೂ ಅವೇ ಅಚ್ಚುಮೊಳೆ, ಅದೇ ಮಸಿ.

*

ವಚನಗಳು ತಾಳೆಗರಿಯಲ್ಲಿದ್ದಾಗ ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟು ಪೂಜಿಸುವ ವಸ್ತುವಾಗಿದ್ದವು. ಕಾಯಕದ ಮಾತು, ಜಾತಿ ಮುರಿಯುವ ಮಾತು ಗಂಟಿನೊಳಗೇ ಉಳಿದಿತ್ತು. ಅಚ್ಚಾದ ದಿನ ಅದು ಅಂಬಿಗನಿಗೂ ಅಂಗಡಿಯವನಿಗೂ ಸಿಕ್ಕಿತು. ಐವತ್ತರಷ್ಟು ವಚನಕಾರರ ಹೆಸರು ತಿಳಿದಿದ್ದ ಕಾಲದಲ್ಲಿ ಹಳಕಟ್ಟಿಯವರು ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಬೆಳಕಿಗೆ ತಂದರು. ಶಾಸನಸಭೆಯಲ್ಲಿ ಮಂಡಿಸಿದ ಯಾವ ಠರಾವಿಗಿಂತಲೂ ಇದು ದೊಡ್ಡ ರಾಜಕಾರಣ.

*

ಬಿರುದು ಬಂದವು, 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಬಂತು, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟೂ ಬಂತು. ಹಣ ಬರಲಿಲ್ಲ.

*

ಸಂಸ್ಥೆ ಕಟ್ಟುವವನು ತನ್ನ ಆಯುಷ್ಯಕ್ಕಿಂತ ಮುಂದೆ ನೋಡಬೇಕು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಅವರು ತೆರೆದ ಬ್ಯಾಂಕು ಶತಮಾನ ದಾಟಿದೆ. ಅವರ ಶಿಕ್ಷಣ ಸಂಸ್ಥೆಯಲ್ಲಿ ಇಂದು ವೈದ್ಯಕೀಯ ಓದುವವರೂ ಇದ್ದಾರೆ.

*

ತಿಕೋಟಾ, ಬಬಲೇಶ್ವರದ ಕಡೆಯ ಬಂಧುಗಳೇ, ಹಳೆಯ ವಾಡೆಯನ್ನು ಕೆಡವುವ ಮುಂಚೆ ಅಟ್ಟ ಹತ್ತಿ ನೋಡಿರಿ. ತಾಳೆಗರಿಯ ಕಟ್ಟಿರಲಿ, ‘ನವಕರ್ನಾಟಕ’ದ ಹರಿದ ಸಂಚಿಕೆಯೇ ಇರಲಿ, ರದ್ದಿಗೆ ಹಾಕದೆ ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರಕ್ಕೆ ಒಮ್ಮೆ ತೋರಿಸಿರಿ.